ಲಿನಕ್ಸ್ ಇದ್ದರೆ ನೆಟ್ ಬರೋದಿಲ್ಲವಂತೆ! ಯಾರು ಹೇಳಿದ್ದು?

ಮೌಳಂಗಿ: ಕಾಳಿ ದಂಡೆಯ ಈ ಊರಲ್ಲಿ ಮನೆಗೆ ಇಂಟರ್‌ನೆಟ್ ಹಾಕಿಸ ಹೊರಟವರಿಗೆ ತಲೆನೋವು ಎರಡು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಜೋಡಿಸಲು ಬರುವವರು ಯಾರು ಅನ್ನೋದು ಒಂದು. ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಇನ್ನೊಂದು. ಲೈನು ಎಳೆಯಲು ಬಂದ ಹುಡುಗ ಪರದೆ ನೋಡಿ, ‘ಇದಕ್ಕ ನೆಟ್ ಬರೂದಿಲ್ರೀ, ವಿಂಡೋಸ್ ಹಾಕಿಸ್ರಿ’ ಅಂದುಬಿಟ್ಟರೆ ಮುಗಿಯಿತು!

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ ಶುರುಮಾಡಿದ್ದು. ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹಳೆಯ ಕಂಪ್ಯೂಟರ್ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹುಡುಗನ ಮಾತು ನಂಬಿದರೆ ಅಂಗಡಿಯವನು ಹೊಸ ಕಂಪ್ಯೂಟರಿಗೇ ದುಡ್ಡು ಸುರಿಯಬೇಕು.

ಸಂಗತಿ ಏನೆಂದರೆ, ಫೈಬರ್ ಲೈನಿನ ಡಬ್ಬಿಗೆ ಕಂಪ್ಯೂಟರಿನ ಜಾತಿ ಬೇಕಿಲ್ಲ. ಕಂಪನಿ ಕೊಟ್ಟ ಹೆಸರು, ಗುಟ್ಟಿನ ಅಂಕಿ ಎರಡನ್ನೂ ಡಬ್ಬಿಯೊಳಗೇ ತುಂಬಿಸಿಟ್ಟರೆ ಅದೇ ಸಂಪರ್ಕ ಹಿಡಿಯುತ್ತದೆ. ಲ್ಯಾನ್ ತಂತಿ ಸಿಗಿಸಿದವರಿಗೆಲ್ಲ ನೆಟ್ ಹಂಚುತ್ತದೆ. ‘ರೂಟರ್ ಮೋಡಿನಲ್ಲಿ ಹಾಕಿಕೊಡಪ್ಪಾ’ ಎಂದು ಹೇಳಿದರೆ ಸಾಕು.

ಹಾಗಾದರೆ ಈ ಪುಕಾರು ಎಲ್ಲಿಂದ ಬಂತು? 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗಿನ ಕೆಲವು ಮೋಡೆಮ್‌ಗಳಿಗೆ ಯುಎಸ್‌ಬಿ, ಲ್ಯಾನ್ ಎಂದು ಎರಡು ಕಿಂಡಿ. ಯುಎಸ್‌ಬಿಗೆ ಸಿಗಿಸಿದರೆ ಡ್ರೈವರ್ ಬೇಕು, ಅದು ಸಿಡಿಯಲ್ಲಿ ವಿಂಡೋಸಿಗೆ ಮಾತ್ರ. ಲ್ಯಾನಿಗೆ ಸಿಗಿಸಿದವರಿಗೆ ತೊಂದರೆಯೇ ಇರಲಿಲ್ಲ. ಆಮೇಲೆ ಬಂದ ಡಾಂಗಲ್‌ಗಳದು ಇನ್ನೂ ತಮಾಷೆ. ಸಿಗಿಸಿದೊಡನೆ ‘ನಾನು ಸಿಡಿ’ ಅನ್ನುತ್ತಿದ್ದವು. ಮೋಡೆಮ್ ಆಗಲು ಬೇರೆ ತಂತ್ರಾಂಶದ ಏಟು ಬೀಳಬೇಕಿತ್ತು.

ಈಗ ಕಾಟ ಕೊಡೋದು ವೈಫೈ. ಸಣ್ಣ ವೈಫೈ ಕಡ್ಡಿ ಕೊಳ್ಳುವವರು ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಜೇಬಿನಲ್ಲಿಟ್ಟು ಹೋಗಿ, ಅಂಗಡಿಯಲ್ಲೇ ಹಚ್ಚಿ ನೋಡಿ ದುಡ್ಡು ಕೊಡಲಿ. ಇಂಟೆಲ್ ಚಿಪ್ ಸಾಮಾನ್ಯವಾಗಿ ತಕರಾರು ಮಾಡದು. ಬ್ರಾಡ್‌ಕಾಮಿನ ಕೆಲವಕ್ಕೆ ಡ್ರೈವರ್ ನೆಟ್ಟಿನಿಂದಲೇ ಇಳಿಸಬೇಕು. ನೆಟ್ ಬರಬೇಕಾದರೆ ಡ್ರೈವರ್ ಬೇಕು! ಆಗ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಒತ್ತಿದರೆ ಕೆಲಸ ಆಗುತ್ತದೆ.

ಇನ್ನು ಕಂಪನಿ ಯಾವುದು? ಜಾಹೀರಾತಿನ ವೇಗ ಕೇಳಿ ಮರುಳಾಗಬೇಡಿ. 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅಂತಿತ್ತು ಸರಕಾರ. 2023ರಿಂದ ಕನಿಷ್ಠ 2 ಎಂಬಿಪಿಎಸ್. ಬಿಲ್ಲು, ಬುಕಿಂಗ್, ಹುಡುಗರ ಪಾಠಕ್ಕೆ ವೇಗಕ್ಕಿಂತ ಲೈನು ನಿಲ್ಲೋದು ಮುಖ್ಯ. ಹೋದ ಮಳೆಯಲ್ಲಿ ಯಾರ ಲೈನು ಎಷ್ಟು ದಿನಕ್ಕೆ ಸರಿಹೋಯಿತು ಎಂದು ನೆರೆಮನೆಯಲ್ಲೇ ವಿಚಾರಿಸಿ. ಅಲ್ಲಿಯತನಕ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ಫೈಬರ್ ಬಾರದ ಮೂಲೆಯಾದರೆ ಸಿಮ್ ಹಾಕುವ ಡಬ್ಬಿ ಇದೆ. ಮೊದಲು ಅದೇ ಕಂಪನಿಯ ಸಿಮ್ಮನ್ನು ಫೋನಿಗೆ ಹಾಕಿ ಮನೆಯೊಳಗೆ ಸಿಗ್ನಲ್ ನೋಡಿ. ಕರೆಂಟು ಹೋಗುವುದಂತೂ ಇದ್ದದ್ದೇ. ಡಬ್ಬಿಗೆ ಹೊಂದುವ ಸಣ್ಣ ಯುಪಿಎಸ್ ಇರಲಿ.

ಮತ್ತೆ ನೆಟ್ ಸತ್ತು, ಹುಡುಗ ಬಂದು ‘ಲಿನಕ್ಸಿಂದಲೇ’ ಅಂದರೆ ಡಬ್ಬಿ ತೋರಿಸಿ. ‘ಎಲ್‌ಓಎಸ್’ ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕೇ ಲೈನಿನಲ್ಲಿ ಬರುತ್ತಿಲ್ಲ. ಹುಡುಕಬೇಕಾದ್ದು ಹೊರಗೆ ಕಂಬದ ಕಡೆ.