ಹೊಲಿದು ಸೇರಿಸಿದ ಗುರುತು

ಬ್ರಿಟನ್ನಿನ ಬಾವುಟ ಯೂನಿಯನ್ ಜ್ಯಾಕ್ ಒಂದಲ್ಲ, ಮೂರು ಬಾವುಟ. ಬಿಳಿಯ ಮೇಲಿನ ಕೆಂಪು ನೇರ ಶಿಲುಬೆ ಇಂಗ್ಲೆಂಡಿನದು, ನೀಲಿಯ ಮೇಲಿನ ಬಿಳಿ ಓರೆ ಶಿಲುಬೆ ಸ್ಕಾಟ್ಲೆಂಡಿನದು. ಇವೆರಡು 1606ರಲ್ಲಿ ಕೂಡಿದವು. ಐರ್ಲೆಂಡಿನ ಕೆಂಪು ಓರೆಪಟ್ಟಿ 1801ರಲ್ಲಿ ಸೇರಿತು. ಅದು ಬಿಳಿ ಪಟ್ಟಿಯ ನಟ್ಟನಡುವೆ ಇಲ್ಲದೆ ತುಸು ಸರಿದು ಕೂತಿರುವುದರಿಂದ ಈ ಬಾವುಟಕ್ಕೆ ಮೇಲು ಕೆಳಗು ಉಂಟು: ಕಂಬದ ಬದಿಯಲ್ಲಿ ಅಗಲವಾದ ಬಿಳಿ ಪಟ್ಟಿ ಮೇಲಿರಬೇಕು. ಬ್ರಿಟಿಷರೇ ಎಷ್ಟೋ ಸಲ ಇದನ್ನು ತಲೆಕೆಳಗಾಗಿ ಏರಿಸಿಬಿಡುತ್ತಾರೆ.

ದೇಶವನ್ನು ಹೊಲಿದದ್ದೂ ಹೀಗೆಯೇ. 1603ರಲ್ಲಿ ಸ್ಕಾಟ್ಲೆಂಡಿನ ದೊರೆಗೇ ಇಂಗ್ಲೆಂಡಿನ ಪಟ್ಟವೂ ಸಿಕ್ಕಿತು. 1707ರಲ್ಲಿ ಸಂಸತ್ತುಗಳು ಒಂದಾದವು. ಆದರೆ ಕಾಗದದಲ್ಲಿ ಕೂಡಿದವರು ಮನಸ್ಸಿನಲ್ಲೂ ಬ್ರಿಟಿಷರಾದದ್ದು ಹೇಗೆ? ಪ್ರಾಟೆಸ್ಟಂಟ್ ಮತ, ಕ್ಯಾಥೊಲಿಕ್ ಫ್ರಾನ್ಸಿನೊಡನೆ ಮೇಲಿಂದ ಮೇಲೆ ನಡೆದ ಯುದ್ಧ, ಸಾಮ್ರಾಜ್ಯದ ಲಾಭ ಎಂಬುದು ಇತಿಹಾಸಕಾರ್ತಿ ಲಿಂಡಾ ಕಾಲಿ ಅವರ ಉತ್ತರ. ಇದಕ್ಕೆ ಸಾಕ್ಷಿ ಕನ್ನಡ ನೆಲದಲ್ಲೇ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಕಂಪನಿ ಸೇವೆಯಲ್ಲಿ ಹೆಸರಾದ ಥಾಮಸ್ ಮನ್ರೋ ಗ್ಲಾಸ್ಗೋದವನು. ಅವರು ಗೆದ್ದದ್ದು ಸ್ಕಾಟರಾಗಿ ಅಲ್ಲ, ಬ್ರಿಟಿಷರಾಗಿ. ಅಂದು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ, ಬಿದ್ದ ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿಕೊಂಡೇ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಸಾಮ್ರಾಜ್ಯ ಹೋಯಿತು, ಚರ್ಚಿಗೆ ಹೋಗುವವರೂ ಕಡಿಮೆಯಾದರು. ಉಳಿದದ್ದು ಅರಸುಮನೆ, 1922ರಲ್ಲಿ ಹುಟ್ಟಿದ ಬಿಬಿಸಿ, ಮತ್ತೆ ಚಹಾ. ಚೀನಾದಿಂದ, ಆಮೇಲೆ ಅಸ್ಸಾಮಿನಿಂದ ಬಂದ ಎಲೆ, ಕೆರಿಬಿಯನ್ ದ್ವೀಪಗಳ ಗುಲಾಮರು ಬೆಳೆದ ಕಬ್ಬಿನ ಸಕ್ಕರೆ: ಅಪ್ಪಟ ಬ್ರಿಟಿಷ್ ಎನಿಸಿಕೊಂಡ ಆ ಬಟ್ಟಲಲ್ಲಿ ಊರಿನದು ಹಾಲು ನೀರು ಮಾತ್ರ! ಎಲ್ಲಕ್ಕಿಂತ ಗಟ್ಟಿ ಹೆಮ್ಮೆ ಮಾತ್ರ 1948ರ ಜುಲೈ 5ರಂದು ಶುರುವಾದ ರಾಷ್ಟ್ರೀಯ ಆರೋಗ್ಯ ಸೇವೆ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಆಸ್ಪತ್ರೆ ಮಂಚಗಳ ನಡುವೆ ನರ್ಸುಗಳು ಕುಣಿದರು. ಜಗತ್ತನ್ನು ಕರೆದು ಆಸ್ಪತ್ರೆ ಮಂಚ ತೋರಿಸಿದ ದೇಶ ಬೇರೊಂದಿರಲಾರದು.

ಒಲಿಂಪಿಕ್ಸಿಗೆ ಒಂದೇ ತಂಡ, ಫುಟ್‌ಬಾಲಿಗೆ ನಾಲ್ಕು. 1872ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಎದುರಾದವರು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್. ಯಾರೂ ಗೋಲು ಹೊಡೆಯಲಿಲ್ಲ. ಮೈದಾನದಾಚೆಗೂ ಇದೇ ಎಳೆದಾಟ: 2014ರ ಜನಮತಗಣನೆಯಲ್ಲಿ ಮತ ಹಾಕಿದ ಸ್ಕಾಟ್ಲೆಂಡಿನವರಲ್ಲಿ ಶೇ. 55 ಮಂದಿ ಬ್ರಿಟನ್ನಿನಲ್ಲೇ ಉಳಿಯೋಣ ಎಂದರು; ಶೇ. 45 ಮಂದಿ ಬೇಡವೆಂದರು.

ಐರ್ಲೆಂಡಿನ ಬಹುಪಾಲು 1922ರಲ್ಲೇ ಬೇರೆಯಾಯಿತು. ಅದರ ಪಟ್ಟಿ ಬಾವುಟದಲ್ಲಿ ಹಾಗೇ ಇದೆ. ಹದಿನಾರನೆಯ ಶತಮಾನದಲ್ಲೇ ಕಾನೂನಿನಿಂದ ಇಂಗ್ಲೆಂಡಿಗೆ ಸೇರಿಸಲ್ಪಟ್ಟ ವೇಲ್ಸಿನ ಕೆಂಪು ಡ್ರ್ಯಾಗನ್‌ಗೆ ಅಲ್ಲಿ ಇಂದಿಗೂ ಜಾಗವಿಲ್ಲ.