ಗೆಡ್ಡೆ ಸತ್ತ ಮೇಲೆ ಕತ್ತರಿ ಏಕೆ?

ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರ್. ಅದರೊಳಗೆ 10 ಮಿಲಿಮೀಟರಿಗಿಂತ ಎತ್ತರಕ್ಕೆ ಬೆಳೆದ ಮೆಲನೋಮ, ಅಂದರೆ ಕಪ್ಪು ವರ್ಣಕೋಶಗಳ ಕ್ಯಾನ್ಸರ್ ಗೆಡ್ಡೆ, ವೈದ್ಯರ ಲೆಕ್ಕದಲ್ಲಿ ‘ದೊಡ್ಡದು’. ಅಂಥ ಕಣ್ಣನ್ನೇ ತೆಗೆದುಬಿಡುವುದು ಹಳೆಯ ರೂಢಿ. ಉಳಿಸಿಕೊಳ್ಳುವ ದಾರಿಯೂ ಇದೆ, ಆದರೆ ಅದಕ್ಕೆ ವಿಕಿರಣವೊಂದೇ ಸಾಲದು. ಕಣ್ಣಿನ ಹೊರಗೋಡೆಗೆ ಹೊಲಿದು ಕೂರಿಸುವ ರುಥೇನಿಯಂ-106 ಬಿಲ್ಲೆ ಈಗ ನಮ್ಮಲ್ಲೇ, ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ, ಅಣುತ್ಯಾಜ್ಯದಿಂದ ತಯಾರಾಗುತ್ತದೆ. ಅದರ ಕಿರಣ ಐದಾರು ಮಿಲಿಮೀಟರಿನಾಚೆಗೆ ಸೊರಗುವುದರಿಂದ ದೊಡ್ಡ ಗೆಡ್ಡೆಗೆ ಅಯೋಡಿನ್-125 ಬಿಲ್ಲೆ ಅಥವಾ ಪ್ರೋಟಾನ್ ಕಿರಣವೇ ಬೇಕು. ಪ್ರೋಟಾನು ಗೊತ್ತುಪಡಿಸಿದ ಆಳದಲ್ಲಿ ತನ್ನ ಶಕ್ತಿ ಸುರಿದು ನಿಂತುಬಿಡುತ್ತದೆ, ಹಿಂದಿನ ಭಾಗಕ್ಕೆ ಬಹುತೇಕ ತಾಗುವುದಿಲ್ಲ. ಹೀಗೆ ಗೆಡ್ಡೆಯನ್ನು ಕೊಲ್ಲಬಹುದು, ನಿಜ. ಆದರೆ ಕೊಂದ ಗೆಡ್ಡೆ ಅಲ್ಲೇ ಉಳಿಯುತ್ತದೆ. ಕೆಟ್ಟ ರಕ್ತನಾಳಗಳು ಸೋರುತ್ತವೆ, ದ್ರವ ತುಂಬಿ ಅಕ್ಷಿಪಟಲ ಕಳಚುತ್ತದೆ. ಆಮ್ಲಜನಕ ಸಿಗದ ಅಂಗಾಂಶ ಹೊಸ ನಾಳಗಳನ್ನು ಬೆಳೆಸುವ ಸಂದೇಶ ಕಳಿಸುತ್ತದೆ. ಆ ನಾಳಗಳು ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿಯನ್ನೇ ಮುಚ್ಚಿದರೆ ಒತ್ತಡ ಏರಿ, ಕಣ್ಣು ಕುರುಡಾಗಿ ನೋಯುತ್ತದೆ. ಕೊನೆಗೆ ಉಳಿಸಿದ ಕಣ್ಣನ್ನೇ ತೆಗೆಯಬೇಕಾದೀತು. ವಿಕಿರಣದ ನಂತರ ಸತ್ತ ರಾಶಿಯನ್ನು ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯುವುದು ಈ ಕಾರಣಕ್ಕೆ.

ಗೆಡ್ಡೆಗೆ ಕತ್ತರಿ ಹಾಕಿದರೆ ಕ್ಯಾನ್ಸರ್ ಹರಡದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕಣ್ಣು ತೆಗೆಯುವಾಗಲೇ ಕೋಶಗಳು ರಕ್ತಕ್ಕೆ ಸೇರಬಹುದೆಂಬ ಶಂಕೆ 1970ರ ದಶಕದಲ್ಲೇ ಎದ್ದಿತ್ತು. ಅಮೆರಿಕ-ಕೆನಡಾಗಳ ಸಹಯೋಗದ ಅಧ್ಯಯನವೊಂದು ದೊಡ್ಡ ಗೆಡ್ಡೆಯ 1,003 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಕಣ್ಣು ತೆಗೆಯುವ ಮೊದಲು ವಿಕಿರಣ ಕೊಟ್ಟರೂ ಬಿಟ್ಟರೂ ಬದುಕುಳಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೂ ಇಡೀ ಕಣ್ಣನ್ನು ತೆಗೆಯುವುದು ಬೇರೆ, ಗೆಡ್ಡೆಯನ್ನು ಒಳಗೇ ಕತ್ತರಿಸುವುದು ಬೇರೆ. ಚೆಲ್ಲಿದ ಕೋಶ ಮತ್ತೆ ಚಿಗುರದಂತೆ ಮೊದಲು ವಿಕಿರಣ, ಆಮೇಲೆ ಕತ್ತರಿ ಎಂಬ ಕ್ರಮ ನನಗೆ ವಿವೇಕದ್ದೆನಿಸುತ್ತದೆ.

ಇದೇ ಅಧ್ಯಯನದ ಮಧ್ಯಮ ಗಾತ್ರದ ಗೆಡ್ಡೆಗಳ ಭಾಗದಲ್ಲಿ 1,317 ಮಂದಿ ಇದ್ದರು. ಅಯೋಡಿನ್ ಬಿಲ್ಲೆ ಪಡೆದವರೂ ಕಣ್ಣು ತೆಗೆಸಿಕೊಂಡವರೂ 12 ವರ್ಷಗಳಲ್ಲಿ ಹೆಚ್ಚುಕಡಿಮೆ ಸಮನಾಗಿಯೇ ಬದುಕುಳಿದರು. ಈ ಫಲಿತಾಂಶವನ್ನು ದೊಡ್ಡ ಗೆಡ್ಡೆಗೆ ನೇರವಾಗಿ ಎಳೆಯುವುದು ತಪ್ಪು. ಆದರೂ ಕಣ್ಣಿನಾಚೆಯ ಅಪಾಯ ಹೆಚ್ಚಾಗಿ ಮೊದಲೇ ಹೊರಟಿರುತ್ತದೆಂಬ ಸುಳಿವು ಇದರಲ್ಲಿದೆ. ಈ ಮೆಲನೋಮದ ಕೋಶಗಳು ರಕ್ತದ ಮೂಲಕ ಸಾಗುತ್ತವೆ, ಬಹುಪಾಲು ಯಕೃತ್ತಿಗೆ. ದೃಷ್ಟಿ ಹೇಗೂ ಹೋಗುವುದಾದರೆ ಈ ಒದ್ದಾಟವೇಕೆ ಎಂದು ಕೇಳುವವರಿಗೂ ಅರ್ಧ ಒಪ್ಪಲೇಬೇಕು: ಒತ್ತಡ ಆಗಲೇ ಏರಿದ, ಗೆಡ್ಡೆ ಹೊರಗೋಡೆ ದಾಟಿದ ಕಣ್ಣನ್ನು ತೆಗೆಯುವುದೇ ಲೇಸು. ಇನ್ನೊಂದು ಕಣ್ಣು ಮೊದಲೇ ಕೆಟ್ಟವರಿಗೆ ಮಾತ್ರ ಬೆರಳೆಣಿಸುವಷ್ಟು ನೋಟವೂ ದೊಡ್ಡದೇ. ಕಣ್ಣು ಉಳಿಯಲಿ, ಹೋಗಲಿ, ಯಕೃತ್ತಿನ ಸ್ಕ್ಯಾನ್ ಮಾತ್ರ ವರ್ಷಗಟ್ಟಲೆ ನಡೆಯುತ್ತಲೇ ಇರಬೇಕು.