ಬೀದಿಯ ಗದ್ದಲ, ಪೌರಸಭೆಯ ಮೌನ

ಊರಿಗೆ ಊರೇ ಬಯಲಾಟ ನೋಡಲು ನೆರೆದ ರಾತ್ರಿಯೇ ಕನ್ನಗಳ್ಳನಿಗೆ ಅನುಕೂಲವಾದದ್ದೆಂಬುದನ್ನು ನಮ್ಮ ಹಳ್ಳಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಆಟ ಮುಗಿದು ಬೆಳಗಿನ ಜಾವ ಮನೆಗೆ ಮರಳಿದವನಿಗೆ ಗೋಡೆಯ ಕನ್ನವಾದರೂ ಕಣ್ಣಿಗೆ ಬೀಳುತ್ತದೆ. 2020ರ ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಬೆಂಗಳೂರಿನ ಮಹಾಜನರಿಗೆ ಒದಗಿದ ಗತಿಯು ಇದಕ್ಕಿಂತಲೂ ಶೋಚನೀಯವಾದುದು. ಅವರು ಆಟ ನೋಡಿ ಮನೆಗೆ ಬಂದರು. ಆದರೆ ಹೋದುದೇನೆಂಬುದು ಬಹುಮಂದಿಗೆ ತಿಳಿಯಲೇ ಇಲ್ಲ.

ಆ ತಿಂಗಳ 4ರಂದು ಮತ್ತು 8ರಂದು ಕನ್ನಡ ಚಿತ್ರರಂಗದ ಇಬ್ಬರು ನಟಿಯರನ್ನು ಮಾದಕ ವಸ್ತುಗಳ ಪ್ರಕರಣದಲ್ಲಿ ನಗರದ ಪೋಲೀಸರು ಬಂಧಿಸಿದರು. ಅಂದಿನಿಂದ ಸುದ್ದಿವಾಹಿನಿಗಳಿಗೆ ಹಗಲಿರುಳೆಂಬ ಭೇದವಿಲ್ಲವಾಯಿತು. ಅವರ ಮನೆ, ಉಡುಪು, ಸ್ನೇಹಿತರು, ಔತಣಕೂಟಗಳು, ಎಲ್ಲವೂ ಚರ್ಚೆಗೆ ವಸ್ತುವಾದುವು. ಅಂಗಡಿಯ ಕಟ್ಟೆಯಲ್ಲಿ, ಕಾಫಿಯ ಮೇಜಿನಲ್ಲಿ, ಮೊಬೈಲಿನ ತೆರೆಯ ಮೇಲೆ ಬೇರೆ ಮಾತಿರಲಿಲ್ಲ.

ಅದೇ ವಾರದಲ್ಲಿ, 10ನೆಯ ತಾರೀಖಿನಂದು, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯು ತನ್ನ ಐದು ವರ್ಷಗಳ ಅವಧಿಯನ್ನು ಮುಗಿಸಿತು. 2015ರ ಆಗಸ್ಟಿನಲ್ಲಿ ಜನರು ಆರಿಸಿ ಕಳುಹಿಸಿದ್ದ 198 ವಾರ್ಡುಗಳ ಸದಸ್ಯರು ಮನೆಗೆ ತೆರಳಿದರು. ಅವರ ಸ್ಥಾನದಲ್ಲಿ ಸರ್ಕಾರವು ನೇಮಿಸಿದ ಆಡಳಿತಾಧಿಕಾರಿಯೊಬ್ಬರು ಕುಳಿತರು. 2011ರ ಜನಗಣತಿಯಲ್ಲೇ 84 ಲಕ್ಷ ಜನರಿದ್ದ ನಗರಕ್ಕೆ ತನ್ನದೆಂಬ ಸಭೆಯಿಲ್ಲವಾದುದು ಒಂದು ದಿನದ ಸಣ್ಣ ಸುದ್ದಿಯಾಗಿ ಬಂದು ಅಡಗಿಹೋಯಿತು.

ಇದು ಕೆಲವು ತಿಂಗಳ ಮಾತಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಪೌರಸಭೆಯ ಅವಧಿಯು ಮುಗಿಯುವುದಕ್ಕೆ ಮೊದಲೇ ಹೊಸ ಚುನಾವಣೆಯು ಪೂರ್ತಿಯಾಗತಕ್ಕದ್ದೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಸ್ಪಷ್ಟವಾಗಿ ವಿಧಿಸಿದೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಚುನಾವಣೆ ಹೇಗೆ ಸಾಧ್ಯವೆಂದು ಕೇಳಬಹುದು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತಗಳಲ್ಲಿ ಚುನಾವಣೆ ನಡೆಯಿತಷ್ಟೆ! ಹಳ್ಳಿಗೆ ಒದಗಿದ ಹಕ್ಕು ರಾಜಧಾನಿಗೆ ಒದಗಲಿಲ್ಲ. ವಾರ್ಡುಗಳ ಸಂಖ್ಯೆಯನ್ನು 243ಕ್ಕೆ ಏರಿಸುವ ಮಾತು ಬಂದಿತು. ಆರು ವಾರಗಳೊಳಗೆ ಚುನಾವಣೆಯ ವೇಳಾಪಟ್ಟಿಯನ್ನು ಪ್ರಕಟಿಸಬೇಕೆಂದು ಉಚ್ಚ ನ್ಯಾಯಾಲಯವು ಡಿಸೆಂಬರಿನ ಮೊದಲಲ್ಲಿ ಆಜ್ಞಾಪಿಸಿದರೆ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆಯಿತ್ತಿತು. ಆಮೇಲೆ ಮೀಸಲಾತಿಯ ವಿವಾದ. ಅದರ ತರುವಾಯ 2023ರಲ್ಲಿ ವಾರ್ಡುಗಳನ್ನು 225 ಎಂದು ಮತ್ತೆ ವಿಂಗಡಿಸಿದುದು. ಮಂತ್ರಿಮಂಡಲಗಳು ಬದಲಾದುವು, ಪಕ್ಷಗಳು ಬದಲಾದುವು, ನೆಪಗಳೂ ಬದಲಾದುವು. ಸಭಾಭವನದ ಬಾಗಿಲು ಮಾತ್ರ ತೆರೆಯಲಿಲ್ಲ. ಕಡೆಗೆ 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಇಲ್ಲವಾಗಿ, ಅದರ ಸ್ಥಾನದಲ್ಲಿ ಬೃಹತ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದುವು. ಜನರು ಚುನಾಯಿಸಿದ ಒಬ್ಬನೇ ಒಬ್ಬ ಸದಸ್ಯನಿಲ್ಲದೆ ಪೂರ್ಣ ಐದು ವರ್ಷಗಳು, ಎಂದರೆ ಒಂದು ಸಭೆಯ ಇಡೀ ಆಯುಷ್ಯ, ಕಳೆದುಹೋಗಿತ್ತು.

ಈ ನಷ್ಟವು ಕಾಗದದ ಮೇಲಿನ ನಷ್ಟವಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಮಹದೇವಪುರಗಳ ಕಡೆಯ ಬೀದಿಗಳು ಹೊಳೆಗಳಾಗಿ, ಜನರನ್ನು ಟ್ರಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕೊಡಗಳು ಟ್ಯಾಂಕರಿನ ಹಾದಿಯನ್ನು ಕಾದುವು. ರಾಜಕಾಲುವೆಯ ಒತ್ತುವರಿಯನ್ನಾಗಲಿ ನಲ್ಲಿಯ ನೀರನ್ನಾಗಲಿ ಕುರಿತು ಬೀದಿಯ ಬಡವನು ಯಾರ ಬಾಗಿಲಿಗೆ ಹೋಗಿ ಕೂಗಬೇಕು? ಕಾರ್ಪೊರೇಟರು ಒಳ್ಳೆಯವನಿರಲಿ ಕೆಟ್ಟವನಿರಲಿ, ಐದು ವರ್ಷಕ್ಕೊಮ್ಮೆ ಅವನೇ ನಮ್ಮ ಬಾಗಿಲಿಗೆ ಬಂದು ಕೈಮುಗಿಯಬೇಕಾಗಿತ್ತು. ನೇಮಕವಾಗಿ ಬಂದ ಅಧಿಕಾರಿಗೆ ಆ ಹಂಗಿಲ್ಲ. ಉಳ್ಳವನಿಗೆ ಕಛೇರಿಯೊಳಗೆ ಪರಿಚಯವಿರುತ್ತದೆ. ಇಲ್ಲದವನಿಗೆ ಇದ್ದುದು ಮತವೊಂದೇ. ಅದನ್ನೇ ಐದು ವರ್ಷ ಅವನಿಂದ ದೂರವಿರಿಸಲಾಯಿತು.

ಮಾದಕ ವಸ್ತುಗಳ ಹಾವಳಿಯು ಕ್ಷುಲ್ಲಕವಾದ ವಿಷಯವೇ ಎಂದು ವಾಚಕರು ಕೇಳಿಯಾರು. ಖಂಡಿತವಾಗಿ ಅಲ್ಲ. ಆ ವಿಷವು ನಮ್ಮ ತರುಣರ ಕೈಗೆ ಯಾವ ದಾರಿಯಿಂದ ಬರುತ್ತದೆ, ವ್ಯಸನಕ್ಕೆ ಬಿದ್ದವನನ್ನು ಉಳಿಸುವ ಚಿಕಿತ್ಸಾಲಯಗಳು ಎಷ್ಟಿವೆ, ಎಂಬ ಪ್ರಶ್ನೆಗಳನ್ನು ಆ ದಿನಗಳಲ್ಲಿ ಎತ್ತಿದ್ದರೆ ಅದೇ ಒಂದು ದೊಡ್ಡ ಪೌರಸೇವೆಯಾಗುತ್ತಿತ್ತು. ಆದರೆ ಜನರು ನೆರೆದುದು ವಿಷವನ್ನು ವಿಚಾರಿಸಲಿಕ್ಕಲ್ಲ, ಹೆಂಗಸರನ್ನು ನೋಡಲಿಕ್ಕೆ. ತಿಂಗಳುಗಟ್ಟಲೆ ಸೆರೆಮನೆಯಲ್ಲಿದ್ದು ಬಂದ ಆ ಇಬ್ಬರ ಮೇಲಿನ ಮೊಕದ್ದಮೆಗಳನ್ನು ಉಚ್ಚ ನ್ಯಾಯಾಲಯವು ವರ್ಷಗಳ ತರುವಾಯ ರದ್ದುಗೊಳಿಸಿತು. ಬಂಧನದ ದಿನ ಬೊಬ್ಬಿರಿದ ಬೀದಿಯು ಬಿಡುಗಡೆಯ ದಿನ ಬಾಯಿ ತೆರೆಯಲಿಲ್ಲ. ಹೀಗೆ ನಮ್ಮ ಕುತೂಹಲವು ನಗರಕ್ಕೂ ಒದಗಲಿಲ್ಲ, ನ್ಯಾಯಕ್ಕೂ ಒದಗಲಿಲ್ಲ.

ಪರರ ಪತನದಲ್ಲಿ ನಮಗೆ ಇಷ್ಟೊಂದು ರುಚಿಯೇಕೆ? ಅಲ್ಲಿ ನಾವು ತೀರ್ಪುಗಾರರು. ಮಾಡಬೇಕಾದುದು ಏನೂ ಇಲ್ಲ. ಚರಂಡಿಯ ಸಂಗತಿಯೆತ್ತಿದರೆ ನಾವು ಹೊಣೆಗಾರರು. ಅರ್ಜಿ ಬರೆಯಬೇಕು, ಸಭೆ ಸೇರಬೇಕು, ತೆರಿಗೆಯ ಲೆಕ್ಕ ಕೇಳಬೇಕು. ಹೊಣೆಯಿಲ್ಲದ ತೀರ್ಪು ಸುಖವಾದದ್ದು, ತೀರ್ಪಿಲ್ಲದ ಹೊಣೆ ಬೇಸರದ್ದು. ಈ ದೌರ್ಬಲ್ಯವನ್ನು ಬಲ್ಲ ಪತ್ರಿಕೆಗಳೂ ವಾಹಿನಿಗಳೂ ಬೇಡಿಕೆಯಿದ್ದ ಸರಕನ್ನೇ ಅಂಗಡಿಗೆ ತಂದಿಟ್ಟುವು. ಪತ್ರಿಕಾವೃತ್ತಿಯವರಾದ ನಾವೂ ಈ ದೋಷದಿಂದ ಮುಕ್ತರೆಂದು ಎದೆ ತಟ್ಟಿ ಹೇಳಲಾರೆವು.

ಆದರೂ ಹಿಂದಿನವರು ಈ ಬೇಸರದ ಹೊಣೆಯನ್ನು ಕೀಳೆಂದು ಬಗೆಯಲಿಲ್ಲವೆಂಬುದನ್ನು ನೆನೆಯಬೇಕು. ಸ್ವರಾಜ್ಯದ ಹೋರಾಟದ ನಡುವೆಯೇ ಜವಾಹರಲಾಲ ನೆಹರೂ 1923ರಲ್ಲಿ ಅಲಹಾಬಾದಿನ, ವಲ್ಲಭಭಾಯಿ ಪಟೇಲರು 1924ರಲ್ಲಿ ಅಹಮದಾಬಾದಿನ ಪುರಸಭೆಗಳ ಅಧ್ಯಕ್ಷಸ್ಥಾನವನ್ನು ವಹಿಸಿದರು. ಬೀದಿ ಗುಡಿಸುವ, ನೀರು ಹಂಚುವ, ತೆರಿಗೆ ಎತ್ತುವ ಕಾರ್ಯವೇ ಸ್ವರಾಜ್ಯದ ಮೊದಲ ಪಾಠಶಾಲೆಯೆಂಬುದು ಅವರ ನಡತೆಯಿಂದ ಸಿದ್ಧವಾಯಿತು. ಪರಕೀಯರ ಆಳ್ವಿಕೆಯಲ್ಲಿ ಹಿರಿಯರು ಕಷ್ಟಪಟ್ಟು ಗಳಿಸಿದ ಈ ಹಕ್ಕು ಸ್ವತಂತ್ರ ದೇಶದ ಒಂದು ಮಹಾನಗರದಲ್ಲಿ ಐದು ವರ್ಷ ಮಲಗಿತ್ತೆಂಬುದಕ್ಕೆ ಸರ್ಕಾರಗಳು ಎಷ್ಟು ಹೊಣೆಯೋ, ಎಚ್ಚತ್ತು ಕೇಳದ ಪ್ರಜೆಗಳೂ ಅಷ್ಟೇ ಹೊಣೆಯೆಂದು ಹೇಳದೆ ವಿಧಿಯಿಲ್ಲ.

ಮುಂದೆಯೂ ನಟರು ಬೀಳುವರು, ಶ್ರೀಮಂತರ ಮನೆಗಳಲ್ಲಿ ಜಗಳಗಳಾಗುವುವು, ಬೀದಿಯಲ್ಲಿ ಗುಂಪು ಸೇರುವುದು. ಕಣ್ಣುಮುಚ್ಚಿಕೊಳ್ಳಿರೆಂದು ನಾವು ಯಾರಿಗೂ ಉಪದೇಶಿಸುವುದಿಲ್ಲ. ಅಂಥ ಗದ್ದಲವೆದ್ದ ದಿನ ಪ್ರತಿಯೊಬ್ಬ ಪೌರನೂ ತನ್ನನ್ನು ತಾನು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ನಾನು ಅತ್ತ ನೋಡುತ್ತಿರುವಾಗ, ನನ್ನ ಮನೆಯ ಗೋಡೆಯ ಬಳಿ ಯಾರಿದ್ದಾರೆ?